ಮಾತಿಗೊಂದು ದಾರಿ

ಆ ಆಫೀಸಿನ ಫೋನುಗಳಿಗೆ ಹೊಸ ಕಾಯಿಲೆ ಹತ್ತಿತ್ತು. ಯಾರಾದರೂ ದೊಡ್ಡ ಫೈಲ್ ಕಳಿಸಿದರೆ ಸಾಕು, ಮಾತಾಡುತ್ತಿದ್ದವರ ದನಿ ಚೂರುಚೂರಾಗಿ ಕೇಳುತ್ತಿತ್ತು. "ಹಲೋ, ಹಲೋ" ಎಂದು ಗಂಟಲು ಹರಿದುಕೊಂಡು ಸಾಕಾದ ಮೇಲೆ ನೆಟ್‌ವರ್ಕ್ ಕೆಲಸದವಳನ್ನು ಕರೆಸಿದರು.

ಕಟ್ಟಡ ಯಾವುದೆಂದು ಗೊತ್ತಿದ್ದೇ ಅವಳು ಬಂದಿದ್ದಳು. ಆದರೆ ಮೆಟ್ಟಿಲ ಕೆಳಗಿನ ಆ ಪುಟ್ಟ ಕೋಣೆ ಇನ್ನೂ ಉಳಿದಿರುತ್ತದೆಂದು ಎಣಿಸಿರಲಿಲ್ಲ. ಬಾಗಿಲು ತೆರೆದಾಗ ಕೈ ಚಿಲಕದ ಮೇಲೇ ನಿಂತುಬಿಟ್ಟಿತು. ಅವಳ ಅಮ್ಮ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಟೆಲಿಫೋನ್ ಬೋರ್ಡಿನ ಒಂದು ತೂತಿನ ವೈರು ಕಿತ್ತು ಇನ್ನೊಂದಕ್ಕೆ ಚುಚ್ಚುತ್ತ, ಇಡೀ ಆಫೀಸಿನ ಮಾತನ್ನು ಜೋಡಿಸುತ್ತಿದ್ದುದು ಇಲ್ಲೇ. ಶಾಲೆ ಬಿಟ್ಟ ಮೇಲೆ ಅವಳು ಕುರ್ಚಿಯ ಹಿಂದೆ ನೆಲದ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದಳು. ಅಮ್ಮನಿಗೆ ಮನೆಯಲ್ಲೊಂದು ದನಿ, ಇಲ್ಲೊಂದು ದನಿ. ಇಲ್ಲಿನದು ಬೆಣ್ಣೆ ಸವರಿದ ಹಾಗೆ. ಆ ದನಿಯಲ್ಲಿ ಒಮ್ಮೆ ತನ್ನನ್ನೂ ಬೈಯಬಾರದೇ ಎಂದು ಆಸೆಪಟ್ಟದ್ದೂ ಉಂಟು.

ಈಗ ಬೋರ್ಡಿನ ಜಾಗದಲ್ಲಿ, ಆಫೀಸಿನ ವೈರುಗಳೆಲ್ಲ ಬಂದು ಸೇರುವ, ಹಸಿರು ದೀಪ ಮಿಟುಕಿಸುವ ನೆಟ್‌ವರ್ಕ್ ಸ್ವಿಚ್ ಇತ್ತು. ಅವಳು ಲ್ಯಾಪ್‌ಟಾಪ್ ಜೋಡಿಸಿ ನೋಡಿದಳು. ಅನುಮಾನಪಟ್ಟ ಹಾಗೇ ಫೋನು, ಕಂಪ್ಯೂಟರು ಎಲ್ಲವೂ ಒಂದೇ ದಾರಿಯಲ್ಲಿ ನೂಕಾಡುತ್ತಿದ್ದವು. ಮಾತಿಗೊಂದು, ಡೇಟಾಕ್ಕೊಂದು ಎಂದು ಎರಡು ನೆಟ್‌ವರ್ಕ್ ಮಾಡಿದಳು. ವೈರು ಚುಚ್ಚುವ ಪ್ರತಿ ಪೋರ್ಟಿಗೂ ಅದನ್ನು ಹೇಳಿಕೊಟ್ಟು, ಮಾತೇ ಮೊದಲು ಹೋಗಲಿ ಎಂದು ವಿಧಿಸಿದಳು. ಫೋನುಗಳ ದೀಪಗಳು ಆರಿ ಮತ್ತೆ ಹೊತ್ತಿಕೊಂಡವು.

ಮೇಲಿನ ಮಹಡಿಯವು ಮಾತ್ರ ಹೊತ್ತಿಕೊಳ್ಳಲಿಲ್ಲ. ಅಲ್ಲಿನ ಅಕೌಂಟೆಂಟ್ ಇಳಿದು ಬಂದರು. ನಿವೃತ್ತಿಯ ಅಂಚಿನಲ್ಲಿದ್ದ ತೆಳ್ಳನೆಯ ಮನುಷ್ಯ.

"ಮೊದಲು ಅರ್ಧಂಬರ್ಧವಾದ್ರೂ ಕೇಳ್ತಿತ್ತು. ಈಗ ಪೂರ್ತಿ ಮೌನವ್ರತ," ಅಂದರು.

"ನನ್ನದೇ ತಪ್ಪು ಸರ್. ಮೇಲಕ್ಕೆ ಹೋಗೋ ಕೇಬಲ್‌ನಲ್ಲಿ ಮಾತಿನ ನೆಟ್‌ವರ್ಕ್‌ನೂ ಬಿಡು ಅಂತ ಸ್ವಿಚ್‌ಗೆ ಹೇಳೋದು ಮರೆತೆ."

ಅವಳು ಸರಿಪಡಿಸುವುದನ್ನು ನೋಡುತ್ತ ಅವರು ಬಾಗಿಲಿಗೊರಗಿ ನಿಂತರು. "ನೀವು ತಲೆ ವಾಲಿಸಿ ಕೂರೋ ರೀತಿ... ಇಲ್ಲಿ ಬೋರ್ಡಕ್ಕ ಅಂತ ಒಬ್ಬರಿದ್ರು."

"ನಮ್ಮಮ್ಮ."

ಅವರು ಬಾಗಿಲು ಬಿಟ್ಟು ಒಳಗೆ ಬಂದರು. ಹಳೆಯದೊಂದನ್ನು ಹೇಳಿದರು: ಅವರಿನ್ನೂ ಅಕೌಂಟ್ಸ್ ಗುಮಾಸ್ತರಾಗಿದ್ದಾಗ ಒಂದು ದಿನ ಅವರ ಹೆಂಡತಿಗೆ ದಿನ ತುಂಬುವ ಮೊದಲೇ ನೋವು ಬಂದು ಪಕ್ಕದ ಮನೆಯವರು ಫೋನ್ ಮಾಡಿದ್ದರು. ಕೆಲಸದ ವೇಳೆ ಗುಮಾಸ್ತರಿಗೆ ಮನೆಯ ಫೋನ್ ಕೊಡಕೂಡದೆಂದು ಮ್ಯಾನೇಜರ್ ಕಟ್ಟಪ್ಪಣೆ. ಮೇಲಿನ ಮಹಡಿಗಿದ್ದ ಒಂದೇ ಲೈನಿನಲ್ಲಿ ಆಗ ಮ್ಯಾನೇಜರೇ ಮಾತಾಡುತ್ತಿದ್ದರು. ಬೋರ್ಡಕ್ಕ ಮ್ಯಾನೇಜರ ಮಾತನ್ನೇ ಕತ್ತರಿಸಿ ಇವರಿಗೆ ಲೈನ್ ಕೊಟ್ಟಿದ್ದಳು. "ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಹೋದೆ. ಆಮೇಲೆ ಅವರನ್ನ ಗೋಡೌನಿಗೆ ಹಾಕಿದ್ರು. ನಾನು ಎದುರು ಬಂದು ಥ್ಯಾಂಕ್ಸ್ ಹೇಳೋ ಹೊತ್ತಿಗೆ ಕೆಲಸಾನೇ ಬಿಟ್ಟಿದ್ರು."

ಅವಳಿಗೆ ಇದಾವುದೂ ಗೊತ್ತಿರಲಿಲ್ಲ. "ಬೋರ್ಡು ಬೇಜಾರಾಯ್ತು ಕಣೇ," ಎಂದಷ್ಟೇ ಕೆಲಸ ಬಿಟ್ಟ ದಿನ ಅಮ್ಮ ಅಂದಿದ್ದಳು. ಆ ವರ್ಷ ಮನೆಯಲ್ಲಿ ಹೊಲಿಗೆ ಮಿಷನ್ ಹಗಲೆಲ್ಲ ಕಟಕಟ ಎನ್ನುತ್ತಿದ್ದದ್ದು ಈಗ ಬೇರೆಯದೇ ಸದ್ದಾಗಿ ಕೇಳಿಸಿತು.

ಕೇಬಲ್ ಸರಿಹೋದ ಮೇಲೆ ಅವಳು ಮೇಲೆ ಹೋಗಿ ಅಕೌಂಟೆಂಟರ ಮೇಜಿನ ಫೋನಿನಿಂದಲೇ ಮನೆಯಲ್ಲಿದ್ದ ಅಮ್ಮನಿಗೆ ಹಚ್ಚಿದಳು. ಪಕ್ಕದ ಮೇಜಿನವರಿಗೆ ದೊಡ್ಡ ಫೈಲೊಂದನ್ನು ಕಳಿಸಲು ಹೇಳಿ, ರಿಸೀವರ್ ಅಕೌಂಟೆಂಟರ ಕೈಗಿತ್ತಳು. ಅವರು ಅದನ್ನು ಕಿವಿಗಿಟ್ಟುಕೊಂಡು ಕೆಮ್ಮಿದರು.

ಆ ಕಡೆಯಿಂದ ಬೆಣ್ಣೆಯ ದನಿ ಒಂದಿಷ್ಟೂ ತುಂಡಾಗದೆ ಬಂತು. "ಅಕೌಂಟ್ಸ್‌ನೋರಾ? ಈ ಕೆಮ್ಮಿಗೆ ಇನ್ನೂ ಔಷಧಿ ತಗೊಂಡಿಲ್ವಾ? ಅದಿರಲಿ, ಮಗು ಹೇಗಿದೆ?"

"ಅವಳಿಗೇ ಈಗ ಎರಡು ಮಕ್ಕಳು, ಅಕ್ಕ," ಎಂದು ಅಕೌಂಟೆಂಟ್ ಕುರ್ಚಿ ಎಳೆದುಕೊಂಡು ಕೂತರು.

ಅವಳು ಅವರಿಬ್ಬರನ್ನೂ ಮಾತಿಗೆ ಬಿಟ್ಟು, ಉಳಿದ ಫೋನುಗಳನ್ನು ನೋಡಲು ಹೋದಳು.