ಮೊದಲು ತಾರೀಖು ಓದು

ನಮ್ಮ ಹೊಲಿಗೆ ಕೋಣೆಯಲ್ಲಿ ಹತ್ತು ಮಿಷನ್‌ಗಳಿವೆ. ಒಂಬತ್ತು ಜನ ಅಂಗಿ ಹೊಲಿಯುತ್ತಾರೆ. ಹತ್ತನೆಯವಳು ನಾನು, ಗುಂಡಿಗೆ ಕಾಜ ಹಾಕುವವಳು. ಕಾಲರು, ತೋಳು ಎಲ್ಲ ಕೂಡಿದ ಮೇಲೆಯೇ ಅಂಗಿ ನನ್ನ ಹತ್ತಿರ ಬರುವುದು. ಹಾಗಾಗಿ ಬೆಳಗಿನ ಮೊದಲ ಒಂದು ಗಂಟೆ ನನಗೆ ಕೆಲಸವಿರುವುದಿಲ್ಲ. ಆ ಹೊತ್ತಿನಲ್ಲಿ ಫೋನಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವುದು ನನ್ನ ಪಾಲಿಗೆ ಬಂದಿತ್ತು. ಅವರ ಕೈಕಾಲು ಮಿಷನ್ನಿನ ಮೇಲೆ, ಕಿವಿ ನನ್ನ ಕಡೆಗೆ. ನನ್ನ ಗಂಟಲು ದೊಡ್ಡದು ಅಂತ ಜಂಬವೂ ಇತ್ತು. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆ ದಿನ ನನ್ನ ತಂಗಿ ಅರ್ಧ ದಿನ ರಜೆ ಕೇಳಿದ್ದಳು. ಅವಳದು ನನ್ನ ಮುಂದಿನ ಮಿಷನ್. ಮಗಳಿಗೆ ಒಂಬತ್ತು ತಿಂಗಳು ತುಂಬಿತ್ತು. ಮಧ್ಯಾಹ್ನ ಆರೋಗ್ಯ ಕೇಂದ್ರಕ್ಕೆ ಹೋಗಿ ದಡಾರದ ಲಸಿಕೆ ಹಾಕಿಸಬೇಕಿತ್ತು. ಮರೆಯಬಾರದೆಂದು ಲಸಿಕೆ ಕಾರ್ಡನ್ನು ಕಣ್ಣೆದುರಿಗೇ ಇಟ್ಟುಕೊಂಡು ಹೊಲಿಯುತ್ತಿದ್ದಳು.

ಅಷ್ಟರಲ್ಲಿ ಇಸ್ತ್ರಿ ಮಾವ ಫೋನಿನಲ್ಲಿ ನಮ್ಮ ಕೋಣೆಯವರ ಗುಂಪಿಗೆ ಒಂದು ಚಿತ್ರ ಕಳಿಸಿದರು. ಮೂಲೆಯ ಮೇಜಿನಲ್ಲಿ ಅಂಗಿಗೆ ಇಸ್ತ್ರಿ ಹಾಕುವ ಹಿರಿಯರು ಅವರು, ಕೋಣೆಗೆಲ್ಲ ಮಾವ. ಚಿತ್ರ ಯಾವುದೋ ಪತ್ರಿಕೆಯ ತುಣುಕು. ನಾನು ಎಂದಿನಂತೆ ದಪ್ಪ ಅಕ್ಷರವನ್ನಷ್ಟೇ ಓದಿದೆ: "ದಡಾರದ ಲಸಿಕೆ ಸ್ಥಗಿತ. ಮಕ್ಕಳನ್ನು ಕರೆತರದಂತೆ ಸೂಚನೆ."

"ಅಕ್ಕಾ, ಇನ್ನೊಂದ್ಸಲ ಓದು," ಅಂದಳು ತಂಗಿ.

ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ ಓದಿದೆ.

"ಹಾಗಾದ್ರೆ ಇವತ್ತು ಹೋಗ್ಲೋ ಬೇಡ್ವೋ?"

"ಪೇಪರಲ್ಲೇ ಬಂದಿದೆಯಲ್ಲೇ. ಬೇಡ ಬಿಡು," ಅಂದೆ.

ಅವಳು ಕಾರ್ಡನ್ನು ಮಿಷನ್ನಿನ ಡ್ರಾಯರಿಗೆ ಹಾಕಿದಳು. ರಜೆ ಬೇಡವೆಂದು ಹೇಳಿ ಬಂದು ಮತ್ತೆ ಹೊಲಿಗೆಗೆ ಕೂತಳು.

ಐದು ವಾರ ಕಳೆಯುವುದರೊಳಗೆ ಮಗುವಿಗೆ ಜ್ವರ ಬಂತು. ಕಣ್ಣು ಕೆಂಪಾಯಿತು, ಮುಖದಿಂದ ಶುರುವಾಗಿ ಮೈತುಂಬ ದದ್ದು ಎದ್ದಿತು. ನಾಲ್ಕನೇ ದಿನ ಉಸಿರಾಡಲು ಒದ್ದಾಡತೊಡಗಿತು. ಆಸ್ಪತ್ರೆಯಲ್ಲಿ ನರ್ಸಮ್ಮ ಮೊದಲು ಕೇಳಿದ್ದೇ ಕಾರ್ಡು. ಒಂಬತ್ತನೇ ತಿಂಗಳ ಚೌಕ ಖಾಲಿಯಿತ್ತು.

"ಇದ್ಯಾಕಮ್ಮ ಹಾಕಿಸಿಲ್ಲ?"

ತಂಗಿ ನನ್ನ ಕಡೆ ನೋಡಿದಳು. ನಾನು ಫೋನು ತೆಗೆದು ತುಣುಕು ತೋರಿಸಿದೆ. ಆಗಲೂ ನನಗೆ ಧೈರ್ಯವಿತ್ತು. ಪೇಪರಿನದು ತಾನೇ?

ನರ್ಸಮ್ಮ ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದರು. "ಈ ಮೂಲೇಲಿ ಏನಿದೆ, ಓದಿ."

ಇರುವೆಯಷ್ಟು ಅಕ್ಷರದಲ್ಲಿ ತಾರೀಖಿತ್ತು. ಏಳು ವರ್ಷ ಹಿಂದಿನದು.

"ಈಗ ಕೆಳಗಡೆ ಓದಿ. ಯಾವುದೋ ಊರಲ್ಲಿ ಲಸಿಕೆ ಇಡೋ ಫ್ರಿಜ್ ಕೆಟ್ಟಿತ್ತು, ಅದಕ್ಕೆ ಒಂದೇ ಒಂದು ದಿನ ನಿಲ್ಲಿಸಿದ್ರು. ನಿಮ್ಮ ಮಗು ಹುಟ್ಟೋದಕ್ಕೆ ಎಷ್ಟೋ ವರ್ಷ ಮುಂಚಿನ ಮಾತಿದು. ನಿಮಗೆ ಓದೋಕೆ ಬರುತ್ತೆ ತಾನೇ?"

ಬರುತ್ತದೆ. ಆರು ವರ್ಷದಿಂದ ಗಂಟಲು ಹರಿದುಕೊಂಡು ಓದಿದವಳು ನಾನೇ.

ಅಲ್ಲಿಂದ ನೇರ ಇಸ್ತ್ರಿ ಮಾವನ ಮೇಜಿನ ಎದುರು ಹೋಗಿ ನಿಂತೆ.

"ಆ ತುಣುಕು ನಿಮಗೆ ಎಲ್ಲಿಂದ ಬಂತು?"

"ನನ್ನ ಭಾಮೈದ ಕಳಿಸಿದ್ದ. ಅವನಿಗೆ ಇನ್ಯಾರೋ. ನಾಲ್ಕು ಮಕ್ಕಳಿಗೆ ಒಳ್ಳೇದಾಗ್ಲಿ ಅಂತ ಕಳಿಸ್ದೆ ಕಣಮ್ಮ."

"ಪೂರ್ತಿ ಓದಿದ್ರಾ?"

"ಕನ್ನಡಕ ಹಾಕಿರ್ಲಿಲ್ಲ."

ಕನ್ನಡಕ ಹಾಕದವರು ಕಳಿಸಿದ್ದು, ದಪ್ಪ ಅಕ್ಷರ ಬಿಟ್ಟು ಬೇರೇನನ್ನೂ ನೋಡದವಳು ಓದಿದ್ದು. ಎಂಥ ಜೋಡಿ ನಾವು! ಅವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಅದರಲ್ಲಿ ಅರ್ಧ ನನಗೇ ಸಲ್ಲಬೇಕಾದ ಬೈಗುಳವೆಂದು ಗೊತ್ತಿತ್ತು.

ಕೋಣೆಯ ಕೆಳಗಡೆ ಫೋನ್ ರಿಪೇರಿ ಅಂಗಡಿಯಿದೆ. ಅಂಗಡಿಯವಳು ನನ್ನ ಗೆಳತಿ. ಅವಳ ಮೇಜಿನ ಮೇಲೆ ಫೋನು ಕುಕ್ಕಿದೆ.

"ಸುತ್ತಿಗೆ ಇದ್ರೆ ಕೊಡು. ಇದನ್ನ ಪುಡಿ ಮಾಡ್ತೀನಿ."

"ಮಾಡು. ನಾಳೆ ಇನ್ನೊಬ್ಬರ ಫೋನು ಇಸ್ಕೊಂಡು ಓದ್ತೀಯ," ಅಂದಳು ಅವಳು, ತಲೆ ಎತ್ತದೆ. "ಸುದ್ದಿ ಬೇಕು ತಾನೇ ನಿನಗೆ? ಹಾಗಾದ್ರೆ ಹುಟ್ಟಿದ ಕಡೆಯಿಂದಾನೇ ತರಿಸ್ಕೋ."

"ಅದು ಹೇಗೆ?"

"ಪತ್ರಿಕೆಯವರು, ಆರೋಗ್ಯ ಕಚೇರಿಯವರು ಹೊಸ ಸುದ್ದಿ ಹಾಕಿದಾಗಲೆಲ್ಲ ಒಂದು ಪಟ್ಟಿಯಲ್ಲೂ ಸೇರಿಸ್ತಾರೆ. ಫೀಡ್ ಅಂತಾರೆ ಅದಕ್ಕೆ. ತಲೆಬರಹ, ತಾರೀಖು, ಪೂರ್ತಿ ಸುದ್ದಿ ಎಲ್ಲಿದೆ ಅನ್ನೋದು, ಹೆಚ್ಚು ಕಮ್ಮಿ ಅಷ್ಟೇ ಇರುತ್ತೆ. ಆಗಾಗ ಆ ಪಟ್ಟಿ ತಂದು ನಿನ್ನ ಫೋನಿನ ಮೊದಲ ಪರದೆ ಮೇಲೇ ಒಂದು ಚೌಕದಲ್ಲಿ ತೋರಿಸೋ ಹಾಗೆ ಮಾಡ್ಕೊಡ್ತೀನಿ. ಆ ಚೌಕಕ್ಕೆ ವಿಜೆಟ್ ಅಂತ ಹೆಸರು. ಮಧ್ಯದಲ್ಲಿ ಯಾರ ಭಾಮೈದನೂ ಬರಲ್ಲ."

ರಿಪೇರಿ ಕೆಲಸದ ನಡುನಡುವೆ ಕೂತು ಆ ಚೌಕಕ್ಕೆ ಬೇಕಾದ ಪ್ರೋಗ್ರಾಂ ಬರೆದಳು. ನಾಲ್ಕನೇ ದಿನ ಕರೆದು ತೋರಿಸಿದಳು. ಐದು ತಲೆಬರಹ ಸಾಲಾಗಿ, ಚೆಂದವಾಗಿ ಕೂತಿದ್ದವು. ನೋಡಿದ್ದೇ ನನಗೆ ಮೈ ಉರಿಯಿತು.

"ತಾರೀಖೆಲ್ಲಿ?"

"ಜಾಗ ಸಾಲ್ಲಿಲ್ಲ. ತಲೆಬರಹ ಒತ್ತಿದ್ರೆ ಒಳಗಡೆ ಸಿಗುತ್ತೆ."

"ಒಳಗಡೆ ಯಾರು ಹೋಗ್ತಾರೆ? ನಾನು ಹೋಗಿದ್ನಾ? ಅಲ್ಲಿ ಮಗು ಮೂಗಿಗೆ ನಳಿಕೆ ಹಾಕಿಸ್ಕೊಂಡು ಮಲಗಿದೆ, ನಿನಗೆ ಜಾಗ ಸಾಲಲ್ವಾ? ಐದು ಬೇಡ, ಮೂರೇ ಸುದ್ದಿ ಹಾಕು. ಮೊದಲು ತಾರೀಖು, ದಪ್ಪಗೆ. ಆಮೇಲೆ ಹೇಳಿದವರು ಯಾರು ಅಂತ. ಸುದ್ದಿ ಕೊನೆಗೆ."

ಅವಳು ಫೋನು ವಾಪಸು ತೆಗೆದುಕೊಂಡಳು. ನಾನು ಹೇಳಿದಂತೆಯೇ ಮಾಡಿದಳು. ಮಾಡುವಾಗ ಇನ್ನೊಂದು ತಪ್ಪು ಅವಳಿಗೇ ಸಿಕ್ಕಿತು. ನೆಟ್ ಇಲ್ಲದಾಗ ಚೌಕವು ಹಳೆಯ ಸುದ್ದಿಯನ್ನೇ ಹೊಸದೆಂಬಂತೆ ತೋರಿಸುತ್ತಿತ್ತು. ಈಗ ಹಾಗಲ್ಲ. "ಹೊಸದು ಬಂದಿಲ್ಲ, ಇದು ನಿನ್ನೆಯದು" ಎಂದು ಮೇಲ್ಗಡೆಯೇ ಹೇಳುತ್ತದೆ.

ಇಸ್ತ್ರಿ ಮಾವ ಬಂದು ಇಣುಕಿದರು. "ಅದೂ ಫೋನೇ, ಇದೂ ಫೋನೇ. ಪೇಪರಿನವರೇನು ತಪ್ಪೇ ಮಾಡಲ್ವಾ?"

"ಮಾಡ್ತಾರೆ ಮಾವ," ಅಂದಳು ಗೆಳತಿ. "ಮಾಡಿದ್ರೆ ಹೋಗಿ ಕೇಳೋಕೆ ಅವರಿಗೊಂದು ಬಾಗಿಲಿದೆ. ನಿಮ್ಮ ಭಾಮೈದನಿಗೆ ಕಳಿಸಿದವನ ಬಾಗಿಲು ಎಲ್ಲಿದೆ ಹೇಳಿ, ಈಗಲೇ ಹೋಗಿ ತಟ್ಟೋಣ."

ಮಾವ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಚೌಕದಲ್ಲಿ ಅಂದಿನ ತಾರೀಖು, ಕೆಳಗೆ ಆರೋಗ್ಯ ಕಚೇರಿ, ಅದರ ಕೆಳಗೆ "ದಡಾರದ ಲಸಿಕೆ ತಪ್ಪಿಹೋದ ಮಕ್ಕಳಿಗೆ ಗುರುವಾರ." ಅವರು ಎರಡೆರಡು ಸಲ ಓದಿದರು.

"ನನ್ನ ಮೊಮ್ಮಗಳಿಗೂ ಹಾಕಿಸಿಲ್ಲ," ಅಂದರು ಮೆಲ್ಲಗೆ. "ನಾನೇ ಬೇಡ ಅಂದಿದ್ದೆ."

ನನಗೆ ಬೈಯುವ ಶಕ್ತಿ ಉಳಿದಿರಲಿಲ್ಲ. ಗುರುವಾರ ಅವರೇ ಮೊಮ್ಮಗಳನ್ನು ಎತ್ತಿಕೊಂಡು ಹೋಗಿ ಲಸಿಕೆ ಹಾಕಿಸಿ ಬಂದರು. ಬಂದವರೇ ತಮ್ಮ ಫೋನಿಗೂ ಆ ಚೌಕ ಹಾಕಿಸಿಕೊಂಡರು.

ಹದಿನಾರು ದಿನದ ಮೇಲೆ ನಮ್ಮ ಮಗು ಮನೆಗೆ ಬಂತು. ಉಸಿರು ಸರಿಹೋಗಿತ್ತು. ಬಲಗಿವಿ ಸೋರುತ್ತಿತ್ತು. ಆ ಕಿವಿ ಇನ್ನು ಸರಿಯಾಗಿ ಕೇಳಿಸಲಾರದು ಎಂದರು ಡಾಕ್ಟರು. ತಂಗಿ ಕೆಲಸಕ್ಕೆ ಮರಳಿದಳು, ನನ್ನ ಜೊತೆ ಮಾತು ಬಿಟ್ಟಳು. ದಿನವೂ ಅವಳ ಬೆನ್ನನ್ನೇ ನೋಡುತ್ತ ಕೂರುತ್ತಿದ್ದೆ. ಓದುವುದನ್ನು ನಾನೂ ನಿಲ್ಲಿಸಿದ್ದೆ.

ಒಂದು ಬೆಳಗ್ಗೆ ಅವಳು ತಿರುಗದೆಯೇ, "ಓದು," ಅಂದಳು.

"ಏನೇ ಓದ್ಲಿ?"

"ಚೌಕದಲ್ಲಿರೋದು. ಮೊದಲು ತಾರೀಖು ಓದು."

ಓದಿದೆ. ಅವಳು "ಹ್ಞೂಂ" ಅಂದಳು. ಹೇಳಿದವರು ಯಾರೆಂದು ಓದಿದೆ, ಮತ್ತೆ "ಹ್ಞೂಂ" ಅಂದಳು. ಆಮೇಲೆಯೇ ಸುದ್ದಿ ಓದಿದ್ದು. ಈಗ ನಮ್ಮ ಕೋಣೆಯಲ್ಲಿ ಅದೇ ಕ್ರಮ.

ಅಕ್ಕಂದಿರೇ, ಅಣ್ಣಂದಿರೇ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನ ಕಥೆ ಹಾಗಾಯಿತು. ನಿಮ್ಮದು ಹಾಗಾಗಬಾರದು. ಫೋನು ಬಲ್ಲವರು ನಿಮ್ಮ ಬೀದಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಹಿಡಿದು ಇಂಥದೊಂದು ಚೌಕ ಹಾಕಿಸಿಕೊಳ್ಳಿ. ತಾರೀಖಿಲ್ಲದ್ದನ್ನು, ಹೇಳಿದವರು ಯಾರೆಂದು ತಿಳಿಯದ್ದನ್ನು ಯಾರಿಗೂ ಕಳಿಸಬೇಡಿ. ಲಸಿಕೆಯ ಬಗ್ಗೆ ಅನುಮಾನ ಬಂದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ನರ್ಸಮ್ಮನನ್ನೇ ಕೇಳಿ. ಒಳ್ಳೇದಕ್ಕೇ ಕಳಿಸಿದೆ ಎಂದು ನನಗೆ ಮಾತ್ರ ಹೇಳಬೇಡಿ.

ನನ್ನ ತಂಗಿಯ ಮಗಳು ಈಗ ಓಡಾಡುತ್ತಾಳೆ. ಬಲಗಡೆಯಿಂದ ಕರೆದರೆ ತಿರುಗುವುದಿಲ್ಲ. ನಾನು ಸುತ್ತು ಹಾಕಿ ಎಡಗಡೆಗೆ ಬಂದು ಕರೆಯುತ್ತೇನೆ, ದಿನವೂ. ನೀವು ತಾರೀಖು ನೋಡಿ, ಆಮೇಲೆ ಬಾಯಿ ತೆರೆಯಿರಿ.