ಮುನ್ನೂರು ಚಡ್ಡಿಗಳ ಟೆಂಡರು

೧೯೬೮ರಲ್ಲಿ ಜಿಲ್ಲಾ ಪರಿಷತ್ತಿನ ಶಾಲೆಗಳಿಗೆ ಮುನ್ನೂರು ಖಾಕಿ ಚಡ್ಡಿ ಬೇಕೆಂದು ಟೆಂಡರು ಕರೆದಾಗ, ನಾಸಿಕದ ಹತ್ತಿರದ ಘೋಟಿಯ ವಾರಿಜಾಕ್ಷಿಯೂ ಒಂದು ಮಾದರಿ ಚಡ್ಡಿಯ ಜೊತೆ ದರ ಬರೆದು ಅರಗಿನ ಮುದ್ರೆ ಒತ್ತಿದ ಲಕೋಟೆ ಕಳಿಸಿದಳು. ಗಂಡ ಸುಧಾಕರನ ಹೋಟೆಲಿನ ಹಿಂದಿನ ಕೋಣೆಯಲ್ಲಿ ಅವಳದೊಂದು ಹೊಲಿಗೆ ಮಿಷಿನ್ ಇತ್ತು, ಅಷ್ಟೇ.

ನಾಸಿಕದ ಕಚೇರಿಯಲ್ಲಿ ಎಲ್ಲರೆದುರು ಲಕೋಟೆಗಳನ್ನು ಒಡೆದರು. ದೊಡ್ಡ ಬಟ್ಟೆ ವ್ಯಾಪಾರಿಯೊಬ್ಬನ ದರ ಎಲ್ಲಕ್ಕಿಂತ ಕಡಿಮೆಯಿತ್ತು. ವಾರಿಜಾಕ್ಷಿಯದು ಎರಡನೆಯದು. ಅವಳ ಮುಖ ಬಾಡಿತು.

ಅಧಿಕಾರಿ ಕೈಯೆತ್ತಿದರು. "ತಡೀರಿ. ಮೊದಲು ಮಾದರಿ ಪರೀಕ್ಷೆ ಆಗಬೇಕು. ಎಳೆದರೂ ತಾಳಿದ ಮಾದರಿಗಳಲ್ಲಿ ಯಾರ ದರ ಕಡಿಮೆಯೋ ಅವರಿಗೇ ಆರ್ಡರು. ಇದು ನಿಯಮ."

ಇಬ್ಬರು ಜವಾನರು ವ್ಯಾಪಾರಿಯ ಚಡ್ಡಿಯ ಒಂದೊಂದು ಕಾಲು ಹಿಡಿದು ಎಳೆದರು. ಅದು ಪರ್ರೆಂದು ಹರಿಯಿತು. ವಾರಿಜಾಕ್ಷಿಯದು ಹರಿಯಲಿಲ್ಲ.

"ಇವರು ಸರಿಯಾಗಿ ಎಳೀಲೇ ಇಲ್ಲ!" ಎಂದು ಸಿಟ್ಟಾದ ವ್ಯಾಪಾರಿ ತಾನೇ ಅವಳ ಚಡ್ಡಿಯ ಒಂದು ಕಾಲು ಹಿಡಿದು ಜಗ್ಗಿದ. ಇನ್ನೊಂದು ಕಾಲು ಹಿಡಿದಿದ್ದ ಜವಾನನ ಕೈ ಜಾರಿತು. ವ್ಯಾಪಾರಿ ಚಡ್ಡಿಯ ಸಮೇತ ಧೊಪ್ಪನೆ ನೆಲದ ಮೇಲೆ ಕೂತ.

ಅಧಿಕಾರಿ ಹೊಲಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಒಂದು ಎಳೆಯೂ ಬಿಟ್ಟಿಲ್ಲ," ಎಂದವರಿಗೆ ನಗು ತಡೆಯಲಾಗಲಿಲ್ಲ. ಕಚೇರಿಯೆಲ್ಲ ನಕ್ಕಿತು. ನಲವತ್ತು ದಿನದ ಗಡುವಿನೊಂದಿಗೆ ಆರ್ಡರು ವಾರಿಜಾಕ್ಷಿಗೇ ಸಿಕ್ಕಿತು.

ಮರಳುವ ಬಸ್ಸಿನಲ್ಲಿ ಸುಧಾಕರ ಕೇಳಿದ, "ನಲವತ್ತು ದಿನಕ್ಕೆ ಮುನ್ನೂರು! ಒಂದೇ ಮಿಷಿನ್ ಇರುದು, ಹೇಗೆ ಮಾಡ್ತಿ ಮಾರಾಯ್ತಿ?"

"ನೀವು ಇವತ್ತೇ ಗುಂಡಿ ಹಾಕ್ಲಿಕ್ಕೆ ಕಲೀರಿ!"

ಇಬ್ಬರಿಗೂ ಮತ್ತೆ ನಗು ಉಕ್ಕಿತು. ಏನಾಯಿತೆಂದು ಕಂಡಕ್ಟರ್ ಕೇಳಿದರೆ, ಹೇಳಲು ವಾರಿಜಾಕ್ಷಿಗೆ ಉಸಿರೇ ಸಿಗಲಿಲ್ಲ.