ಉಪ್ಪಿಲ್ಲದ ಡಬ್ಬಿ

ಡಬ್ಬಿಯನ್ನು ಬಿಸಿನೀರಲ್ಲಿ ಕ್ಷಣಹೊತ್ತು ಅದ್ದಿ, ಅಂಚಿನ ಸುತ್ತ ಚಾಕು ಆಡಿಸಿ, ಅವಳು ಅದನ್ನು ಹಲಗೆಯ ಮೇಲೆ ಬೋರಲು ಹಾಕಿದಳು. ಬೆಂದ ಹಂದಿಮಾಂಸದ ಅಚ್ಚು ನಿಧಾನಕ್ಕೆ ಜಾರಿ ಹೊರಬಂತು. ನಡುಮನೆಯಲ್ಲಿ ಗಂಡನನ್ನು ಮಲಗಿಸಿದ್ದರು. ನಿನ್ನೆ ಸಂಜೆ ತೀರಿಕೊಂಡಿದ್ದ.

"ಅತ್ತಿಗೆ, ಇವತ್ತೂ ಇದೇ ಕೆಲಸ ಹಿಡ್ಕೊಂಡಿದೀರಾ?" ಅಡುಗೆಮನೆ ಬಾಗಿಲಲ್ಲಿ ನಾದಿನಿ ನಿಂತಿದ್ದಳು.

"ನಿಮ್ಮಣ್ಣ ಮೊನ್ನೆ ತುಂಬಿಟ್ಟಿದ್ದು ಕಣೆ. ಎಸೆಯೋಕೆ ಮನಸ್ಸು ಬರ್ತಿಲ್ಲ. ಸ್ಮಶಾನದ ಗಾಡಿ ಬರೋದು ತಡ ಅಂತೆ, ಬಂದೋರೆಲ್ಲ ಬರೀ ಹೊಟ್ಟೇಲಿ ಕೂತಿದಾರೆ."

"ಉಪ್ಪು ಖಾರ ಇಲ್ಲದ್ದು. ಯಾರು ತಿಂತಾರೆ?"

"ಅವರು ತಿಂತಿದ್ರಲ್ಲ," ಎಂದು ಅವಳು ಬಿಲ್ಲೆ ಕತ್ತರಿಸತೊಡಗಿದಳು. ಈ ಮನೆಯಲ್ಲಿ ಅದನ್ನು ಕತ್ತರಿಸುವ ಕೆಲಸ ಅವನದೇ ಆಗಿತ್ತು.

* * *

ಅವನು ದುಡಿದದ್ದು ಮಾಂಸದ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ, ತುಂಬುವ ವಿಭಾಗದಲ್ಲಿ. ಕಾರ್ಖಾನೆ ಮುಚ್ಚಿತು, ಚಪಲ ಹೋಗಲಿಲ್ಲ. ಭಾನುವಾರ ಬಂದರೆ ಹಂದಿಯ ಮುಂಗಾಲಿನ ಮಾಂಸ ತರುತ್ತಿದ್ದ. ಅವಳು ಕೈಯಂತ್ರದಲ್ಲಿ ನುಣ್ಣಗೆ ಅರೆಯುತ್ತಿದ್ದಳು. ಉಪ್ಪು, ಚಿಟಿಕೆ ಸಕ್ಕರೆ, ಕಾರ್ನ್‌ಫ್ಲೋರ್, ಐಸಿನ ಪುಡಿ ಹಾಕಿ ಕೈ ಮರಗಟ್ಟುವ ತನಕ ನಾದಬೇಕು. ಡಬ್ಬಿಗೆ ಒತ್ತಿ ತುಂಬಿ, ಒಳಗೆ ಗಾಳಿ ಉಳಿಯದ ಹಾಗೆ ಮೇಜಿನ ಮೇಲೆ ಕುಟ್ಟಿ, ಕುದಿಯದ ಬಿಸಿನೀರಲ್ಲಿ ನಿಲ್ಲಿಸಿ ಬೇಯಿಸಬೇಕು. ಕುಟ್ಟುವ ಸದ್ದು ಕೇಳಿದರೆ ಪಕ್ಕದ ಮನೆಯವರು ಗೋಡೆ ತಟ್ಟಿ ನಮಗೂ ಒಂದು ಚೂರು ಎನ್ನುತ್ತಿದ್ದರು. ಮರುದಿನ ಬಾಣಲೆಯಲ್ಲಿ ಎರಡೂ ಮೈ ಕೆಂಪಗಾದ ಬಿಲ್ಲೆಯನ್ನು ಬ್ರೆಡ್ಡಿನ ನಡುವೆ ಇಟ್ಟುಕೊಂಡು ಅವನು ತಿನ್ನುವಾಗ ಯಾರೂ ಮಾತಾಡಿಸುವಂತಿರಲಿಲ್ಲ. ಅಷ್ಟು ಸುಖ ಆ ಮನುಷ್ಯನಿಗೆ.

ಆಮೇಲೆ ಕಿಡ್ನಿಗಳು ಕೈಕೊಟ್ಟವು. ಮಗಳು ತನ್ನದೊಂದನ್ನು ಕೊಟ್ಟಳು. ಬೇಡ ಅಂದವರಿಗೆಲ್ಲ "ನನ್ನ ಹತ್ರ ಎರಡಿದೆಯಲ್ಲ" ಎಂದಷ್ಟೇ ಹೇಳಿದ್ದಳು. ನಿಶ್ಚಯವಾಗಿದ್ದ ಮದುವೆ ಆ ಕಾರಣಕ್ಕೇ ಮುರಿಯಿತು. ಅದನ್ನು ಮಗಳು ಯಾರ ಮುಂದೆಯೂ ಎತ್ತಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಅವನು ಮಗಳ ಕೈ ಹಿಡಿದು, ಇನ್ನು ಉಪ್ಪು ಮುಟ್ಟಿದರೆ ನಾನು ನಿನ್ನ ಅಪ್ಪನೇ ಅಲ್ಲ ಎಂದು ಅತ್ತುಬಿಟ್ಟಿದ್ದ.

ಉಪ್ಪಿಲ್ಲದೆ ಮಾಡಿದ ಮೊದಲ ಡಬ್ಬಿ ಚಾಕು ತಗುಲಿದೊಡನೆ ಪುಡಿಪುಡಿಯಾಯಿತು. ಮಾಂಸ ಒಂದಕ್ಕೊಂದು ಅಂಟುವುದೇ ಉಪ್ಪಿನಿಂದ. ಅವನು ಆ ಪುಡಿಯನ್ನು ಚಮಚದಲ್ಲಿ ಎತ್ತಿ, ಮಾತ್ರೆ ನುಂಗಿದ ಹಾಗೆ ನುಂಗಿದ. ಕೆಲವು ವಾರ ಹೀಗೇ ನಡೆಯಿತು. ಒಂದು ದಿನ, "ನೀನು ಅರೆದು ಕೊಡು ಸಾಕು. ನಾದೋದು, ತುಂಬೋದು ನಾನು ನೋಡ್ಕೋತೀನಿ" ಎಂದ. ಅಲ್ಲಿಂದಾಚೆ ಡಬ್ಬಿ ಗಟ್ಟಿಯಾಗಿ ಬರತೊಡಗಿತು. ಕಾರ್ನ್‌ಫ್ಲೋರ್ ಜಾಸ್ತಿ ಹಾಕ್ತೀನಿ, ಅಷ್ಟೇ ಎಂದ. ಅವಳು ನಂಬಿದಳು. ಕಾಯಿಲೆಯವನ ಪಾಲಿಗೆ ಕೈಹಾಕಬಾರದೆಂದು ಅವಳಾಗಲಿ ಮಗಳಾಗಲಿ ಅದನ್ನು ಬಾಯಿಗಿಡುತ್ತಿರಲಿಲ್ಲ.

ರಕ್ತದೊತ್ತಡ ಯಾಕೆ ಇಳಿಯುತ್ತಿಲ್ಲ, ಮಗಳ ಕಿಡ್ನಿಯೂ ಯಾಕೆ ಸೋಲುತ್ತಿದೆ ಎಂದು ಡಾಕ್ಟರು ತಲೆ ಕೆರೆದುಕೊಂಡರು. ಊಟದಲ್ಲಿ ಉಪ್ಪಿಲ್ಲ ತಾನೇ ಎಂದು ಕೇಳಿದಾಗಲೆಲ್ಲ ಅವಳು ಎದೆ ತಟ್ಟಿ ಇಲ್ಲ ಎಂದಿದ್ದಳು.

* * *

ಹುರಿದ ಬಿಲ್ಲೆಗಳ ತಟ್ಟೆ ಹಿಡಿದು ಅವಳು ನಡುಮನೆಗೆ ಬಂದಳು. ಕಿಟಕಿಯ ಬಳಿ ಗಂಡನ ಕಾರ್ಖಾನೆಯ ಜೊತೆಗಾರ ಕೂತಿದ್ದ. ಡಬ್ಬಿಗೆ ಮುಚ್ಚಳ ಕೂರಿಸುವ ಯಂತ್ರದ ಮೇಲಿದ್ದವನಾದ್ದರಿಂದ ಎಲ್ಲರ ಬಾಯಲ್ಲೂ ಅವನು ಮುಚ್ಚಳ. ಅವನ ಬಾಯಿಗೆ ಮಾತ್ರ ಅದಿರಲಿಲ್ಲ.

ಮುಚ್ಚಳ ಒಂದು ಬಿಲ್ಲೆ ತಿಂದು ಕಣ್ಣೊರೆಸಿಕೊಂಡ. "ಅದೇ ರುಚಿ ಅಕ್ಕ. ಉಪ್ಪು ಎಷ್ಟು ಹದವಾಗಿ ಬಿದ್ದಿದೆ."

"ಉಪ್ಪಾ?" ಎಂದಳು ನಾದಿನಿ.

ಮಗಳ ಕೈಯಲ್ಲೂ ಒಂದು ಬಿಲ್ಲೆಯಿತ್ತು. ಅಪ್ಪ ತುಂಬಿದ ಕೊನೆಯ ಡಬ್ಬಿ ಎಂದು ತೆಗೆದುಕೊಂಡಿದ್ದಳು. ಕಚ್ಚಿದಳು. ಅಗಿಯುವುದನ್ನು ನಿಲ್ಲಿಸಿ ಅಪ್ಪನ ಮುಖದ ಕಡೆ ತಿರುಗಿದಳು.

ತಟ್ಟೆ ಹಿಡಿದು ನಿಂತಿದ್ದ ಅವಳಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಗಂಡನ ಕೊರಳಪಟ್ಟಿ ಹಿಡಿದು ಎಬ್ಬಿಸಿ, ನೀನೇ ಹೇಳು ನಿನ್ನ ಮಗಳಿಗೆ ಎಂದು ಅಲುಗಾಡಿಸಬೇಕೆನಿಸಿತು. ಆದರೆ ಮಗಳು ಆ ಮುಖವನ್ನು ಇನ್ನೊಂದು ಗಳಿಗೆ ನೋಡಿದರೆ ಅವಳಿಗೂ ಗೊತ್ತಾಗಿಬಿಡುತ್ತಿತ್ತು.

"ನಾನೇ ಹಾಕಿದ್ದು," ಎಂದಳು. "ಅರೆಯೋವಾಗಲೇ ಹಾಕ್ತಿದ್ದೆ."

ಮಗಳು ಈ ಕಡೆ ತಿರುಗಿದಳು. "ಅಪ್ಪನಿಗೆ ಗೊತ್ತಾಗ್ತಿರಲಿಲ್ವಾ?"

"ಮಾತ್ರೆ ತಿಂದೂ ತಿಂದೂ ಅವರ ನಾಲಿಗೆ ಸತ್ತುಹೋಗಿತ್ತು. ಪುಡಿ ಹೆಕ್ಕಿ ತಿನ್ನೋದು ನನ್ನ ಕೈಲಿ ನೋಡೋಕಾಗ್ಲಿಲ್ಲ. ಅದಕ್ಕೆ."

ಮುಚ್ಚಳ ತಲೆಯೆತ್ತಿದ. ಉಪ್ಪು ಬಿದ್ದ ಮಾಂಸ ನಾದುವಾಗ ಕೈಗೆ ಅಂಟಂಟಾಗುತ್ತದೆ. ಜೀವಮಾನವೆಲ್ಲ ಅದನ್ನೇ ಮಾಡಿದ ಗೆಳೆಯನಿಗೆ ಅದು ಗೊತ್ತಾಗದೆ ಇರುವುದಿಲ್ಲ. ಏನೋ ಹೇಳಲು ಬಾಯಿ ತೆರೆದ. ಅವಳು ನೋಡಿದ ನೋಟಕ್ಕೆ ಸುಮ್ಮನಾದ.

"ಕೊಂದುಬಿಟ್ಟೆಯಲ್ಲೇ ನನ್ನಣ್ಣನ್ನ," ಎಂದಳು ನಾದಿನಿ. ಇಷ್ಟು ವರ್ಷ ಅತ್ತಿಗೆಗೆ ಬಹುವಚನ ತಪ್ಪಿಸಿದವಳಲ್ಲ.

ಮಗಳು ಬೈಯಲಿಲ್ಲ. ಕೈ ತಾನಾಗಿ ಪಕ್ಕೆಯ ಹೊಲಿಗೆಯ ಮೇಲೆ ಹೋಯಿತು. "ನನ್ನನ್ನ ಒಂದು ಮಾತು ಕೇಳಬೇಕಿತ್ತು ನೀನು," ಎಂದು ಕಚ್ಚಿದ ಬಿಲ್ಲೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಎದ್ದಳು.

ಗಾಡಿ ಬಂತು. ಹೆಣದ ಪಕ್ಕದಲ್ಲಿ ಇಬ್ಬರಿಗೆ ಜಾಗವಿತ್ತು. ಮಗಳು ಹತ್ತಿ, ಸೋದರತ್ತೆಯ ಕೈ ಹಿಡಿದು ಹತ್ತಿಸಿಕೊಂಡು ಬಾಗಿಲೆಳೆದುಕೊಂಡಳು.

"ಬನ್ನಿ ಅಕ್ಕ, ನನ್ನ ಸ್ಕೂಟರಲ್ಲಿ ಹೋಗೋಣ," ಎಂದು ಮುಚ್ಚಳ ಹೊರಗಿನಿಂದ ಕರೆದ.

"ಬಂದೆ," ಎಂದು ಅವಳು ಚಪ್ಪಲಿಗೆಂದು ಒಳಗೆ ಹೋದಳು. ಕಿಟಕಿಯ ಕಟ್ಟೆಯ ಮೇಲೆ ಮಗಳ ಹಲ್ಲಿನ ಗುರುತಿದ್ದ ಬಿಲ್ಲೆ ಹಾಗೇ ಇತ್ತು. ಅದನ್ನೆತ್ತಿ ಬಾಯಿಗಿಟ್ಟು, ಖಾಲಿ ಕೋಣೆಯಲ್ಲಿ ನಿಂತುಕೊಂಡೇ ಅಗಿದಳು. ತುಂಬ ರುಚಿಯಾಗಿತ್ತು.